ಡೊಂಬಿವಲಿಯಲ್ಲಿ ನಾಲ್ವರು ಗೆಳೆಯರು 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ, ಕಾರ್ಡ್ ಕೂಡಿಹಾಕಿ ತಮ್ಮದೇ ಡೆಕ್ (ಕಟ್ಟು) ಕಟ್ಟಿ ಆಡುವ ಆಟ ಶುರು ಮಾಡಬೇಕು. ಇಷ್ಟು ದುಬಾರಿ ಯಾಕೆ? ಫೋನಿನಲ್ಲಿ ಆಡಿದರೆ ಅಗ್ಗವೇ?

ದುಬಾರಿಯಾಗಿರುವುದು ರಟ್ಟಲ್ಲ, ಅದೃಷ್ಟ. ಕಾರ್ಡುಗಳು ಮುಚ್ಚಿದ ಪ್ಯಾಕ್‌ನಲ್ಲಿ ಬರುತ್ತವೆ, ಅದನ್ನು ಹರಿಯುವ ತನಕ ಒಳಗೇನಿದೆ ಗೊತ್ತಾಗದು. ಅತಿ ಅಪರೂಪದ ಮಿಥಿಕ್ ಕಾರ್ಡ್ 8 ಪ್ಯಾಕಿಗೊಂದು ಬರುತ್ತದೆ ಅಂದುಕೊಳ್ಳಿ. ಸೆಟ್‌ನಲ್ಲಿ (ಒಟ್ಟಿಗೆ ಬಿಡುಗಡೆಯಾದ ಕಾರ್ಡುಗಳ ಗುಂಪಿನಲ್ಲಿ) ಅಂಥವು 20 ಇದ್ದರೆ, ನಿಮಗೆ ಬೇಕಾದದ್ದೇ ಸಿಗಲು ಸರಾಸರಿ 160 ಪ್ಯಾಕ್ ಬೇಕು. ಸಾಮಾನ್ಯವಾಗಿ 60 ಕಾರ್ಡಿನ ಡೆಕ್‌ನಲ್ಲಿ ಒಂದೇ ಕಾರ್ಡಿನ 4 ಪ್ರತಿ ಇಡಬಹುದು. ಅಲ್ಲಿಗೆ 640! ಆದ್ದರಿಂದ ಪ್ಯಾಕ್ ಬದಲು ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳಿ. ಹೊರದೇಶದಿಂದ ತರಿಸುವುದಾದರೆ ನಾಲ್ವರದೂ ಒಂದೇ ಆರ್ಡರ್ ಮಾಡಿ, ಕೊರಿಯರ್ ಖರ್ಚು ಹಂಚಿಹೋಗುತ್ತದೆ. ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫೋನಿನಲ್ಲಿ ಪುಕ್ಕಟೆ ಶುರು ಮಾಡಬಹುದು, ನಿಜ. ಆದರೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಹಾರ್ತ್‌ಸ್ಟೋನ್ ಎಂಬ ಇನ್ನೊಂದು ಕಾರ್ಡ್ ಆಟದ ಆ್ಯಪ್‌ನಲ್ಲಿ ಒಂದು ಲೆಜೆಂಡರಿ (ಅತಿ ಅಪರೂಪದ) ಕಾರ್ಡ್ ಮಾಡಿಕೊಳ್ಳಲು 1600 ಡಸ್ಟ್ (ಆಟದೊಳಗಿನ ನಾಣ್ಯ) ಬೇಕು. ಅದನ್ನೇ ಮುರಿದರೆ ಸಿಗುವುದು 400. ಮ್ಯಾಜಿಕ್‌ನದೇ ಆ್ಯಪ್ ಆದ ಮ್ಯಾಜಿಕ್ ಅರೀನಾದಲ್ಲಿ ಮುರಿಯಲೂ ಆಗದು, ಬೇಕಾದ ಕಾರ್ಡಿಗೆ ಬದಲಾಯಿಸಿಕೊಳ್ಳುವ ವೈಲ್ಡ್‌ಕಾರ್ಡ್ ಖರ್ಚಾದರೆ ಮುಗಿಯಿತು. ರಟ್ಟಿನ ಕಾರ್ಡನ್ನು ಬೇಡವೆನಿಸಿದಾಗ ಮಾರಬಹುದು.

ನಾಲ್ವರಿಗೆ ಮ್ಯಾಜಿಕ್‌ನಲ್ಲಿ ಹಲವರು ಕೂಡಿ ಆಡುವ ಕಮಾಂಡರ್ ಮಾದರಿಯೇ ಸರಿ: 100 ಕಾರ್ಡಿನ ಡೆಕ್, ಮೂಲ ಲ್ಯಾಂಡ್ (ಆಟಕ್ಕೆ ಶಕ್ತಿ ಒದಗಿಸುವ ಕಾರ್ಡ್) ಬಿಟ್ಟರೆ ಪ್ರತಿಯೊಂದೂ ಒಂದೇ ಪ್ರತಿ. ದುಬಾರಿ ಕಾರ್ಡುಗಳಿಗೆ ಮನೆಯಾಟದಲ್ಲಿ ಪ್ರಿಂಟ್ ಸಾಕು. ಅಳತೆ 63×88 ಮಿ.ಮೀ., ಒಂದು ಎ4 ಹಾಳೆಗೆ 9. ಜೆರಾಕ್ಸ್ ಅಂಗಡಿಯಲ್ಲಿ 'ಫಿಟ್ ಟು ಪೇಜ್' ತೆಗೆಸಿ 100% ಅಳತೆಗೇ ತೆಗೆಸಿಕೊಳ್ಳಿ, ಇಲ್ಲದಿದ್ದರೆ ಸ್ಲೀವ್‌ಗೆ (ಕಾರ್ಡ್ ಹಾಕುವ ಪ್ಲಾಸ್ಟಿಕ್ ಕವರಿಗೆ) ಸರಿಹೊಂದದು. ಸ್ಲೀವ್‌ನೊಳಗೆ ಪ್ರಿಂಟಿನ ಹಿಂಬದಿಗೆ ಒಂದು ಅಗ್ಗದ ಅಸಲಿ ಕಾರ್ಡ್ ಇಡಿ. ಅಧಿಕೃತ ಟೂರ್ನಮೆಂಟಿಗೆ ಮಾತ್ರ ಇವು ನಡೆಯವು.