ಮೇ 7ರಂದು ಅಷ್ಟೊಂದು ಜನ ಒಟ್ಟಿಗೆ ಬಂದಿದ್ದು ಹೇಗೆ?

ಪ್ರಶ್ನೆ: ‘ಸಂಗೀತದ ಇತಿಹಾಸದಲ್ಲಿ ಈ ದಿನ’ ಎಂಬ ಪಟ್ಟಿಯಲ್ಲಿ ಮೇ 7ರ ಕೆಳಗೆ ಪಾಶ್ಚಾತ್ಯ ಸಂಗೀತ ರಚನಕಾರರಾದ ಬ್ರಾಮ್ಸ್, ಚೈಕೋವ್ಸ್ಕಿ, ಜೊತೆಗೆ ರವೀಂದ್ರನಾಥ ಟ್ಯಾಗೋರ್ ಮೂವರ ಜನ್ಮದಿನವೂ ಇದೆ. ಬೀಥೋವನ್ ಅವರ ಒಂಬತ್ತನೇ ಸಿಂಫನಿಯ (ದೊಡ್ಡ ವಾದ್ಯವೃಂದದ ಕೃತಿ) ಮೊದಲ ಪ್ರದರ್ಶನ, ಸಂಗೀತ ರಚನಕಾರ ಸಲಿಯೇರಿ ಸಾವು ಕೂಡ ಅದೇ ದಿನ. ಆದರೆ ಒಂದು ಪುಸ್ತಕದಲ್ಲಿ ಚೈಕೋವ್ಸ್ಕಿ ಹುಟ್ಟಿದ್ದು ಏಪ್ರಿಲ್ 25 ಎಂದಿದೆ. ಟ್ಯಾಗೋರ್ ಜಯಂತಿ ಮೇ 9ರಂದು ನಡೆಯುವುದನ್ನೂ ನೋಡಿದ್ದೇನೆ. ಪಟ್ಟಿ ತಪ್ಪಾ?

ಉತ್ತರ: ಪಟ್ಟಿ ಸರಿಯಾಗಿಯೇ ಇದೆ. ನೀವು ಓದಿದ ಪುಸ್ತಕವೂ ಸರಿ, ಜಯಂತಿ ಮಾಡುವವರೂ ಸರಿ. ಅವರವರು ನೋಡಿದ ಕ್ಯಾಲೆಂಡರ್ ಬೇರೆ, ಅಷ್ಟೇ.

ಬ್ರಾಮ್ಸ್ ಅವರದು ಸುಲಭ. 1833ರ ಮೇ 7, ಜರ್ಮನಿಯ ಹ್ಯಾಂಬರ್ಗ್. ಅಲ್ಲಿ ಆಗ ಇದ್ದದ್ದು ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರೇ. ಚೈಕೋವ್ಸ್ಕಿ ಹುಟ್ಟಿದ್ದು 1840ರಲ್ಲಿ, ರಷ್ಯಾದ ವೋಟ್ಕಿನ್‌ಸ್ಕ್ ಊರಿನಲ್ಲಿ. ರಷ್ಯಾ 1918ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟಿರಲಿಲ್ಲ. 19ನೇ ಶತಮಾನದಲ್ಲಿ ಅದು ಯುರೋಪಿನ ಉಳಿದ ಕಡೆಗಿಂತ 12 ದಿನ ಹಿಂದಿತ್ತು. ಹಾಗಾಗಿ ಅವರ ಮನೆಯವರ ಲೆಕ್ಕದಲ್ಲಿ ಅಂದು ಏಪ್ರಿಲ್ 25, ಹ್ಯಾಂಬರ್ಗಿನವರ ಲೆಕ್ಕದಲ್ಲಿ ಮೇ 7. ದಿನ ಮಾತ್ರ ಒಂದೇ.

ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ. 1900ನೇ ಇಸವಿ ಜೂಲಿಯನ್ ಲೆಕ್ಕದಲ್ಲಿ ಅಧಿಕ ವರ್ಷ, ಗ್ರೆಗೋರಿಯನ್ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಆ ವರ್ಷದಿಂದ ಅಂತರ 13 ದಿನವಾಯಿತು. ಈಗಿನ ಅಂತರವನ್ನೇ ಹಳೆಯ ತಾರೀಖಿಗೂ ಕೂಡಿಸಿದರೆ ಚೈಕೋವ್ಸ್ಕಿ ಮೇ 8ಕ್ಕೆ ಜಾರುತ್ತಾರೆ. ಎಲ್ಲಾದರೂ ಹಾಗೆ ಕಂಡರೆ ನಂಬಬೇಡಿ.

ಅಂದಹಾಗೆ, ಒಂದೇ ದಿನ ಹುಟ್ಟಿದವರೆಂದು ಇವರಿಬ್ಬರಿಗೆ ಸಂಗೀತದಲ್ಲೇನೂ ಹೊಂದಾಣಿಕೆ ಇರಲಿಲ್ಲ. 1888ರ ಹೊಸ ವರ್ಷದ ದಿನ ಲೈಪ್‌ಜಿಗ್‌ನಲ್ಲಿ ಪಿಟೀಲುವಾದಕ ಬ್ರಾಡ್‌ಸ್ಕಿ ಅವರ ಮನೆಯಲ್ಲಿ ಇಬ್ಬರೂ ಭೇಟಿಯಾದರು. ಚೈಕೋವ್ಸ್ಕಿಗೆ ಬ್ರಾಮ್ಸ್ ಮನುಷ್ಯರಾಗಿ ಹಿಡಿಸಿದರು, ಅವರ ಸಂಗೀತ ಮಾತ್ರ ಕೊನೆಗೂ ಹಿಡಿಸಲಿಲ್ಲ.

ಟ್ಯಾಗೋರ್ ಅವರ ಲೆಕ್ಕ ಇನ್ನೂ ಸ್ವಾರಸ್ಯದ್ದು. ಎರಡು ಸಾವಿರಕ್ಕೂ ಜಾಸ್ತಿ ಹಾಡು ಕಟ್ಟಿದವರು ಸಂಗೀತದ ಪಟ್ಟಿಯಲ್ಲಿ ಇರಲೇಬೇಕು ಅಲ್ವಾ? ಅವರು ಹುಟ್ಟಿದ್ದು ಬಂಗಾಳಿ ಪಂಚಾಂಗದ 1268ನೇ ವರ್ಷ, ಬೈಶಾಖದ 25ರಂದು. ಅದು 1861ರ ಮೇ 7. ಆದರೆ ಬಂಗಾಳಿಗಳು ಆಚರಿಸುವುದು ಬೈಶಾಖ 25ನ್ನು, ಮೇ 7ನ್ನಲ್ಲ. ಪಶ್ಚಿಮ ಬಂಗಾಳದ ಪಂಚಾಂಗ ನಕ್ಷತ್ರಗಳನ್ನು ಆಧರಿಸಿ ವರ್ಷ ಎಣಿಸುತ್ತದೆ. ಆ ವರ್ಷ ಗ್ರೆಗೋರಿಯನ್ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಸುಮಾರು 72 ವರ್ಷಕ್ಕೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ಅದಕ್ಕೇ ಬೈಶಾಖ 25 ಈಗ ಅಲ್ಲಿ ಮೇ 8 ಅಥವಾ 9ಕ್ಕೆ ಬರುತ್ತದೆ. ಬಾಂಗ್ಲಾದೇಶ ತನ್ನ ಪಂಚಾಂಗವನ್ನು ತಿದ್ದಿಕೊಂಡಿದೆ, ಅಲ್ಲಿ ಜಯಂತಿ ಯಾವಾಗಲೂ ಮೇ 8ಕ್ಕೆ.

ಉಳಿದ ಎರಡರಲ್ಲಿ ಗೊಂದಲವಿಲ್ಲ. ಎರಡೂ ನಡೆದದ್ದು ವಿಯೆನ್ನಾದಲ್ಲಿ. ಒಂಬತ್ತನೇ ಸಿಂಫನಿ ಮೊದಲು ಕೇಳಿಸಿದ್ದು 1824ರ ಮೇ 7ರಂದು, ಕೆರ್ನ್ಟ್‌ನರ್‌ಟೋರ್ ರಂಗಮಂದಿರದಲ್ಲಿ. ಬೀಥೋವನ್ ಅವರಿಗೆ ಆ ಹೊತ್ತಿಗೆ ಕಿವಿ ಪೂರ್ತಿ ಹೋಗಿತ್ತು ಎನ್ನಬಹುದು. ವೇದಿಕೆಯ ಮೇಲೆ ನಿಂತು ತಾವೂ ತಾಳ ತೋರಿಸುತ್ತಿದ್ದರು, ವಾದ್ಯಗಾರರು ಮಾತ್ರ ಮಿಖಾಯೆಲ್ ಉಮ್‌ಲೌಫ್ ಅವರ ಕೈ ನೋಡಿ ನುಡಿಸಿದರು. ಚಪ್ಪಾಳೆ ಬಿದ್ದದ್ದು ಬೀಥೋವನ್ ಅವರಿಗೆ ಕೇಳಿಸಲಿಲ್ಲ, ಗಾಯಕಿ ಕ್ಯಾರೊಲಿನ್ ಉಂಗರ್ ಅವರೇ ಬೀಥೋವನ್ ಅವರನ್ನು ಜನರ ಕಡೆ ತಿರುಗಿಸಿದರು ಎಂಬ ಪ್ರಸಂಗ ಎಲ್ಲರಿಗೂ ಗೊತ್ತು. ಅದು ನಡೆದದ್ದು ಸಿಂಫನಿ ಮುಗಿದ ಮೇಲೋ, ಎರಡನೇ ಭಾಗದ ಕೊನೆಯಲ್ಲೋ ಎನ್ನುವುದರಲ್ಲಿ ಅಂದು ಅಲ್ಲಿದ್ದವರ ಮಾತೇ ಒಂದಕ್ಕೊಂದು ಕೂಡುವುದಿಲ್ಲ. ಸರಿಯಾಗಿ ಒಂದು ವರ್ಷದ ನಂತರ, 1825ರ ಮೇ 7ರಂದು, ಸಲಿಯೇರಿ ತೀರಿಕೊಂಡರು. ಮೊಜಾರ್ಟ್‌ಗೆ ವಿಷ ಹಾಕಿದರೆಂಬ ಆಧಾರವಿಲ್ಲದ ಸುದ್ದಿಯಿಂದಲೇ ಜನ ಅವರನ್ನು ನೆನೆಯುತ್ತಾರೆ. ಬೀಥೋವನ್‌ಗೆ ಇಟಾಲಿಯನ್ ಸಾಹಿತ್ಯಕ್ಕೆ ರಾಗ ಹೊಂದಿಸುವುದನ್ನು ಕಲಿಸಿದ ಗುರು ಅವರು ಎನ್ನುವುದು ನನಗೆ ಅದಕ್ಕಿಂತ ಮುಖ್ಯ.

ಇಷ್ಟೊಂದು ಒಂದೇ ದಿನ ಹೇಗೆ ಬಂತು ಎಂದರೆ, ಅದರಲ್ಲಿ ಪವಾಡವೇನಿಲ್ಲ. ಹೆಸರಾಂತ ಸಾವಿರ ಸಂಗೀತಗಾರರ ಜನ್ಮದಿನವನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಎರಡು ಮೂರು ಹೆಸರು ಸಿಗುತ್ತವೆ. ಸಾವು, ಮೊದಲ ಪ್ರದರ್ಶನ, ರೆಕಾರ್ಡ್ ಬಿಡುಗಡೆ ಎಲ್ಲ ಸೇರಿಸಿದರೆ ಖಾಲಿ ದಿನವೇ ಇರುವುದಿಲ್ಲ. ಮೇ 7ರ ಹೆಸರುಗಳು ದೊಡ್ಡವು, ಅದಕ್ಕೆ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಜರ್ಮನಿಯ ಸಂಗೀತ ರಚನಕಾರ ಬಾಖ್ ಜನ್ಮದಿನ ಮಾರ್ಚ್ 21 ಎಂದು ಕೆಲವರು, ಮಾರ್ಚ್ 31 ಎಂದು ಕೆಲವರು ಹೇಳುತ್ತಾರೆ. ಯಾವಾಗ ಆಚರಿಸಬೇಕು?

ಉತ್ತರ: ನನ್ನ ಮತ 21ಕ್ಕೆ. ಬಾಖ್ 1685ರಲ್ಲಿ ಐಸೆನಾಕ್‌ನಲ್ಲಿ ಹುಟ್ಟಿದಾಗ ಅಲ್ಲಿ ಇನ್ನೂ ಹಳೆಯ ಕ್ಯಾಲೆಂಡರ್ ಇತ್ತು. ಜರ್ಮನಿಯ ಪ್ರಾಟೆಸ್ಟಂಟ್ ರಾಜ್ಯಗಳು 1700ರಲ್ಲಿ ಅದನ್ನು ಕೈಬಿಟ್ಟವು. ಆಗಿನ ಅಂತರ 10 ದಿನ, ಅದನ್ನು ಕೂಡಿಸಿದವರು 31 ಎನ್ನುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ಹೊಸ ಕ್ಯಾಲೆಂಡರ್ ಬಂದು ಎಷ್ಟೋ ವರ್ಷವಾದ ಮೇಲೆ, 1735ರಲ್ಲಿ, ಬಾಖ್ ತಮ್ಮ ವಂಶಾವಳಿ ಬರೆದಾಗಲೂ ಮಾರ್ಚ್ 21 ಎಂದೇ ಬರೆದುಕೊಂಡರು. ಹುಟ್ಟಿದವರೇ ಒಪ್ಪಿಕೊಂಡ ತಾರೀಖನ್ನು ನಾವು ಸುಮ್ನೆ ಯಾಕೆ ಬದಲಿಸಬೇಕು?