ಪ್ರಶ್ನೆ ಕೇಳಿದವರು ನಿಜವಾಗಿಯೂ ಇದ್ದಾರೆಯೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಸಲಹಾ ಅಂಕಣದಲ್ಲಿ ಬಂದ ಪ್ರಶ್ನೆಯೊಂದನ್ನು ನೀವು ನಂಬಿಲ್ಲ. ಕೆಲಸ ಹೋಗಿ ಎಂಟು ತಿಂಗಳಾದರೂ ಹೆಂಡತಿಗೆ ತಿಳಿಸದೆ, ದಿನವೂ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಮನೆಯಿಂದ ಹೊರಡುವ ವ್ಯಕ್ತಿಯ ಪತ್ರ ಅದು. 'ಇಷ್ಟು ಕಾಲ ಯಾರೂ ಹೀಗೆ ನಟಿಸಲಾರರು, ಇದು ನಿಮ್ಮ ಕಚೇರಿಯಲ್ಲೇ ಹುಟ್ಟಿದ ಕಟ್ಟುಕತೆ' ಎಂದಿದ್ದೀರಿ. ಹುಸಿ ಪ್ರಶ್ನೆಗಳನ್ನು ಹೇಗೆ ಪತ್ತೆ ಹಚ್ಚುತ್ತೀರಿ, ಹಚ್ಚಿದ ಮೇಲೆ ಏನು ಮಾಡುತ್ತೀರಿ ಎಂದೂ ಕೇಳಿದ್ದೀರಿ.

ಕಚೇರಿಯಲ್ಲಿ ಯಾರೂ ಪ್ರಶ್ನೆ ಬರೆಯುವುದಿಲ್ಲ. ಬಂದ ಪತ್ರಗಳಿಗೆ ಉತ್ತರಿಸಿಯೇ ಮುಗಿಯುವುದಿಲ್ಲ. ಆದರೆ ನಿಮ್ಮ ಅನುಮಾನ ನಿರಾಧಾರವೇನಲ್ಲ. ಓದುಗರು ಹೆಸರು ಹೇಳದೆ ಪ್ರಶ್ನೆ ಕೇಳುವ ಪದ್ಧತಿ 1691ರಲ್ಲಿ ಜಾನ್ ಡಂಟನ್ ಲಂಡನ್ನಿನಲ್ಲಿ ಆರಂಭಿಸಿದ 'ಅಥೀನಿಯನ್ ಮರ್ಕ್ಯುರಿ' ಪತ್ರಿಕೆಯ ಕಾಲದಿಂದ ಇದೆ, ಮತ್ತು ಹೆಸರು ಕೇಳದ ಕಡೆ ಕಾಗೆ ಹಾರಿಸುವುದು ಸುಲಭ. 2004ರಲ್ಲಿ ಅಮೆರಿಕದ 'ಡಿಯರ್ ಆ್ಯಬಿ' ಅಂಕಣಕ್ಕೆ ಒಬ್ಬ ಗೃಹಿಣಿಯ ಅಳಲು ಬಂತು: ಗಂಡ ತನ್ನದೇ ಹೆಸರು ಕೊರೆಸಿದ ಬೌಲಿಂಗ್ ಚೆಂಡನ್ನು ಹುಟ್ಟುಹಬ್ಬಕ್ಕೆ ತಂದುಕೊಟ್ಟನಂತೆ, ಹಟಕ್ಕೆ ಬಿದ್ದು ಆಟ ಕಲಿಯಲು ಹೋದವಳಿಗೆ ಅಲ್ಲಿ ಬೇರೊಬ್ಬನ ಸ್ನೇಹವಾಯಿತಂತೆ. ಉತ್ತರ ಸಮೇತ ಅಂಕಣವು ಪತ್ರಿಕೆಗಳನ್ನು ತಲುಪಿದ ಮೇಲೆ, ಇದು 'ದಿ ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಯ ಹಳೆಯ ಕಂತೊಂದರ ಕತೆಯೆಂದು ಗೊತ್ತಾಗಿ, ಅಚ್ಚಾಗುವ ಮುನ್ನ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಹಾಗೆಂದು, ಘಟನೆ ವಿಚಿತ್ರವಾಗಿದೆ ಎಂಬ ಒಂದೇ ಕಾರಣಕ್ಕೆ ಪತ್ರವನ್ನು ಸುಳ್ಳೆನ್ನುವುದನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಜಾನ್-ಕ್ಲೋಡ್ ರೋಮಾಂ ಎಂಬಾತ ತಾನು ವೈದ್ಯ, ವಿಶ್ವ ಆರೋಗ್ಯ ಸಂಸ್ಥೆಯ ಉದ್ಯೋಗಿ ಎಂದು ಮನೆಮಂದಿಯನ್ನೆಲ್ಲ ವರ್ಷಾನುಗಟ್ಟಲೆ ನಂಬಿಸಿದ್ದ. 1993ರಲ್ಲಿ ಆತ ತನ್ನ ಕುಟುಂಬದವರನ್ನೇ ಕೊಂದ ಬಳಿಕವಷ್ಟೇ ಆ ಸುಳ್ಳು ಬಯಲಾಯಿತು. ಅದರೆದುರು ಎಂಟು ತಿಂಗಳು ಯಾವ ಲೆಕ್ಕ? ನಾವು ನೋಡುವುದು ಘಟನೆಯನ್ನಲ್ಲ, ಪ್ರಶ್ನೆಯನ್ನು.

ಮಾದರಿಗೆಂದು ನಾನೇ ಒಂದು ಹುಸಿ ಪತ್ರ ಹೆಣೆಯುತ್ತೇನೆ: 'ಮದುವೆಯ ಹಿಂದಿನ ದಿನ ನಾದಿನಿ ನನ್ನ ಉಡುಪಿನ ಮೇಲೆ ಬೇಕೆಂದೇ ಕಾಫಿ ಚೆಲ್ಲಿ ನಕ್ಕಳು. ನಾನು ಒಂದು ಮಾತೂ ಆಡದೆ ಎದ್ದು ಹೋದೆ. ಈಗ ಎಲ್ಲರೂ ನನ್ನನ್ನೇ ದೂರುತ್ತಿದ್ದಾರೆ. ನನ್ನದು ತಪ್ಪೇ?' ಇದಕ್ಕೆ 'ಅಲ್ಲ' ಎಂಬುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ನಾದಿನಿಗೆ ಸಿಟ್ಟು ಬರಲು ಕಾರಣವೇ ಇಲ್ಲ, ಬರೆದವಳ ಸಹನೆಗೆ ಮಿತಿಯೇ ಇಲ್ಲ. ಓದುವವರಿಗೆ ಕೋಪ ಬರಿಸಲು ಏನೇನು ಬೇಕೋ ಅಷ್ಟೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ನಿಜವಾಗಿ ಕಷ್ಟದಲ್ಲಿರುವವರಿಗೆ ತಮ್ಮ ಸಂಗತಿಯಲ್ಲಿ ಯಾವುದು ಮುಖ್ಯ ಎಂಬುದೇ ತಿಳಿದಿರುವುದಿಲ್ಲ. ಅಣ್ಣನಿಗೆ ಕೊಟ್ಟ ಸಾಲವನ್ನು ವಾಪಸು ಕೇಳುವುದು ಹೇಗೆ ಎಂದು ಬರೆಯುವವರು, ಫೋನಿನಲ್ಲಿ ಕೇಳುವುದೋ ಎದುರಿಗೆ ಕೂತು ಕೇಳುವುದೋ ಎಂಬ ಗೊಂದಲಕ್ಕೇ ಒಂದು ಪುಟ ವ್ಯಯಿಸಿ, ಸಹಿ ಹಾಕುವ ಮುನ್ನ 'ಅಂದಹಾಗೆ, ಮನೆ ಕಟ್ಟುವಾಗ ಅಣ್ಣ ಕೊಟ್ಟಿದ್ದನ್ನು ನಾನಿನ್ನೂ ತೀರಿಸಿಲ್ಲ' ಎಂದು ಒಂದು ಸಾಲು ಸೇರಿಸುತ್ತಾರೆ. ಇಡೀ ವ್ಯಾಜ್ಯವನ್ನು ತಲೆಕೆಳಗು ಮಾಡುವ ಆ ಸಾಲನ್ನು ಕತೆ ಕಟ್ಟುವವರು ಸಾಮಾನ್ಯವಾಗಿ ಬರೆಯುವುದಿಲ್ಲ, ಏಕೆಂದರೆ ಅವರಿಗೆ ಬೇಕಿರುವುದು ಸಲಹೆಯಲ್ಲ, ತೀರ್ಪು.

ವಯಸ್ಸು, ವರ್ಷಗಳ ಲೆಕ್ಕ ತಾಳೆಯಾಗದಿದ್ದರೆ ಸುಳ್ಳು ಸಿಕ್ಕಿಬಿತ್ತೆಂದು ಹಿಗ್ಗುವವರಿದ್ದಾರೆ. ಗುರುತು ಮರೆಸಲೆಂದು ಪ್ರಾಮಾಣಿಕರೇ ಊರು, ವಯಸ್ಸು, ಮಕ್ಕಳ ಸಂಖ್ಯೆಯನ್ನು ಬದಲಿಸುತ್ತಾರೆ, ಬದಲಿಸುವಾಗ ಎಡವುತ್ತಾರೆ. ಭಾಷೆಯ ನುಣುಪನ್ನೂ ಈಗ ಸಾಕ್ಷಿಯಾಗಿ ಹಿಡಿಯುವಂತಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಕತೆಗಾರರಿಗೆ ಹೇಗೋ ಹಾಗೆಯೇ, ಬರೆಯಲು ಅಂಜುವ ಸಾಚಾ ಜನರಿಗೂ ಅದು ಒದಗಿಬಂದಿದೆ. ಒಂದು ಸಮುದಾಯದ ಮೇಲೆ ಹಗೆ ಹಬ್ಬಿಸಲೆಂದೇ ಬರುವ 'ನೆರೆಮನೆಯವರ ಕಾಟ'ದ ಪತ್ರಗಳಲ್ಲಿ ಮಾತ್ರ ಒಂದು ಲಕ್ಷಣ ಸ್ಪಷ್ಟ: ನೆರೆಯವರ ಜಾತಿಯೋ ಧರ್ಮವೋ ಮೊದಲ ಸಾಲಿನಲ್ಲೇ ಇರುತ್ತದೆ, ಅವರು ಮಾಡಿದ ತೊಂದರೆ ಏನೆಂಬುದಕ್ಕೆ ತಡಕಾಡಬೇಕಾಗುತ್ತದೆ. ಔಷಧಿಯ ಹೆಸರನ್ನು ತಾವೇ ಹೇಳಿ 'ಇದು ಒಳ್ಳೆಯದೇ?' ಎಂದು ಕೇಳುವ ಜಾಹೀರಾತುಗಳ ಬಗ್ಗೆ ವಿವರಿಸುವ ಅಗತ್ಯವಿಲ್ಲ.

ಅನುಮಾನ ಉಳಿದರೆ ಪತ್ರ ಬರೆದವರನ್ನೇ ಒಂದು ನೀರಸ ಪ್ರಶ್ನೆ ಕೇಳುತ್ತೇವೆ: ಬಾಡಿಗೆ ಕಟ್ಟುವವರು ಯಾರು, ಮರುದಿನ ಬೆಳಿಗ್ಗೆ ಏನಾಯಿತು, ಈ ವಿಷಯ ಇನ್ನಾರಿಗೆ ಗೊತ್ತು? ಕಷ್ಟದಲ್ಲಿರುವವರ ಮರುಪತ್ರ ಹೆಚ್ಚಾಗಿ ಇನ್ನಷ್ಟು ಸಪ್ಪೆಯಾಗಿರುತ್ತದೆ, ಕೆಲವೊಮ್ಮೆ ಸಿಡುಕಿನದ್ದೂ ಆಗಿರುತ್ತದೆ. ಕತೆಗಾರರಾದರೆ ಮತ್ತೊಂದು ರೋಚಕ ತಿರುವು ಕಳಿಸುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕೆಲಸ ನಮ್ಮದಲ್ಲ. ಆದರೂ ನಿಜದ ಸಂಕಟವನ್ನು ಸುಳ್ಳೆಂದು ಬುಟ್ಟಿಗೆ ಹಾಕುವುದಕ್ಕಿಂತ, ಒಂದು ಸುಳ್ಳಿಗೆ ಗಂಭೀರವಾಗಿ ಉತ್ತರಿಸಿ ನಗೆಗೀಡಾಗುವುದು ಮೇಲೆಂದು ನನ್ನ ಎಣಿಕೆ.

ನೀವು ಶಂಕಿಸಿದ ಪತ್ರ ಬರೆದವರು ತಾವು ಮಾಡಿದ್ದು ಸರಿಯೇ ಎಂದು ಕೇಳಿರಲಿಲ್ಲ. ಉಳಿತಾಯ ಖಾಲಿಯಾಗುತ್ತಿರುವುದನ್ನು ಮೊದಲು ಹೇಳಬೇಕೋ, ಕೆಲಸ ಹೋದದ್ದನ್ನು ಮೊದಲು ಹೇಳಬೇಕೋ ಎಂದಷ್ಟೇ ಕೇಳಿದ್ದರು. ಅದನ್ನು ಪ್ರಕಟಿಸಲು ನನಗೆ ಅಷ್ಟು ಸಾಕಾಯಿತು. ಹುಸಿಯೆಂದು ಮೊದಲೇ ತಿಳಿದ ಪ್ರಶ್ನೆಯನ್ನು ಕೈಬಿಡುತ್ತೇವೆ. ಅಚ್ಚಾದ ಮೇಲೆ ತಿಳಿದರೆ ಮುಂದಿನ ಸಂಚಿಕೆಯ ಅದೇ ಪುಟದಲ್ಲಿ ಹಾಗೆಂದು ತಿಳಿಸುತ್ತೇವೆ.

— ಸಂಪಾದಕ