ಫ್ಯಾನ್ ಕ್ಲಬ್‌ಗೆ ಬರೆದ ಕಾಗದ ಯಾರಾದ್ರೂ ಓದ್ತಿದ್ರಾ?

ಅರವತ್ತರ ದಶಕದ ಇಂಗ್ಲೆಂಡಿನ ಸಂಗೀತದ ಬ್ಯಾಂಡ್ ಬೀಟಲ್ಸ್‌ನ ಫ್ಯಾನ್ ಕ್ಲಬ್‌ಗೆ ಬರ್ತಿದ್ದ ಕಾಗದಗಳನ್ನ ನಿಜವಾಗ್ಲೂ ಯಾರಾದ್ರೂ ಓದ್ತಿದ್ರಾ, ಇಲ್ಲಾ ಮೂಲೆಗೆ ಹಾಕ್ತಿದ್ರಾ ಅಂತ ಕೇಳಿದ್ರಲ್ಲ, ಓದ್ತಿದ್ರು ರೀ, ಚೆನ್ನಾಗೇ ಓದ್ತಿದ್ರು. ಕ್ಲಬ್ ನೋಡ್ಕೊಳ್ತಿದ್ದಿದ್ದು ಬ್ಯಾಂಡ್‌ನ ಊರು ಲಿವರ್‌ಪೂಲ್‌ನ ಫ್ರೀಡಾ ಕೆಲ್ಲಿ ಅನ್ನೋ ಹುಡುಗಿ, ಬ್ಯಾಂಡ್ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಹತ್ರ ಕೆಲಸಕ್ಕೆ ಸೇರಿದಾಗ ಆಕೆಗೆ ಹದಿನೇಳು, ಶುರುವಲ್ಲಿ ಕ್ಲಬ್‌ಗೆ ಕಾಗದ ಬರೆಯೋಕೆ ತನ್ನ ಮನೆ ವಿಳಾಸಾನೇ ಕೊಟ್ಬಿಟ್ಟಿದ್ಲು, ಬ್ಯಾಂಡ್ ಹೆಸರು ಮಾಡ್ತಿದ್ದ ಹಾಗೆ ಮನೆ ತುಂಬಾ ಕಾಗದ, ಅಪ್ಪನಿಗೆ ಸಾಕಾಗೋಯ್ತು.

ಒಬ್ಳು ಅಭಿಮಾನಿ ದಿಂಬಿನ ಕವರ್ ಕಳಿಸಿ, ಬ್ಯಾಂಡ್‌ನ ಡ್ರಮ್ಮರ್ ರಿಂಗೋ ಇದರ ಮೇಲೆ ಮಲಗಲಿ, ಆಮೇಲೆ ವಾಪಸ್ ಕಳಿಸಿ ಅಂತ ಬರೆದಿದ್ಲಂತೆ. ಬೇರೆಯವರಾದ್ರೆ ಪಕ್ಕಕ್ಕಿಡ್ತಿದ್ರು, ಫ್ರೀಡಾ ಅದನ್ನ ರಿಂಗೋ ಅಮ್ಮನ ಕೈಗೇ ಕೊಟ್ಟು ಕೆಲಸ ಮಾಡಿಸಿದ್ರು. ಕೈಕೆಳಗೆ ಕೆಲಸಕ್ಕಿದ್ದವರು ಬ್ಯಾಂಡ್‌ನೋರ ಕೂದಲು ಅಂತ ಬೇರೆ ಯಾರದ್ದೋ ಕೂದಲನ್ನ ಅಭಿಮಾನಿಗಳಿಗೆ ಕಳಿಸಿದ್ದು ಗೊತ್ತಾದಾಗ ಫ್ರೀಡಾ ಅವರನ್ನ ಕೆಲಸದಿಂದಾನೇ ತೆಗೆದ್ರು. ಆಕೆ ತಾನೂ ಅಭಿಮಾನಿ, ಮೋಸ ಹೋದ್ರೆ ಹೇಗಿರತ್ತೆ ಅಂತ ಗೊತ್ತಿತ್ತು, ನನಗೆ ಆಕೆ ಮೇಲೆ ಗೌರವ ಬಂದಿದ್ದೇ ಅಲ್ಲಿ.

ಮತ್ತೆ 1963ರಿಂದ 1969ರವರೆಗೆ ಪ್ರತಿ ಕ್ರಿಸ್‌ಮಸ್‌ಗೆ ಮೆಂಬರ್‌ಗಳಿಗೆ ಅಂತಾನೇ ಬ್ಯಾಂಡ್ ಮಾತಾಡಿದ ತೆಳ್ಳನೆ ರೆಕಾರ್ಡ್ ಅಂಚೇಲಿ ಹೋಗ್ತಿತ್ತು, ನಿಮ್ಮ ಮನೆಯ ಹಳೇ ಪೆಟ್ಟಿಗೇಲಿ ಅಂಥದ್ದೇನಾದ್ರೂ ಇದ್ರೆ ಬಗ್ಗಿಸದೆ ಜೋಪಾನವಾಗಿ ಇಡಿ.